ಜೇಜೂರಿ ದಾರಿಯಲ್ಲಿ ಒಂದು ಕುದುರೆ

ಗುರುವಾರ: ದಿವೆ ಘಾಟ್, ಮಲ್ಹಾರಗಡ

ದೀಪಾವಳಿ ಮುಗಿಯುತ್ತಿದ್ದಂತೆ ಪುಣೆ ಜಿಲ್ಲೆಯ ರಸ್ತೆಗಳಲ್ಲಿ ಕುರಿಗಾಹಿ ಸಮುದಾಯವಾದ ಧನಗರರ ಕುರಿಹಿಂಡುಗಳು ಕಾಣಿಸಿಕೊಳ್ಳುತ್ತವೆ. ಫಲಟಣ, ಬಾರಾಮತಿ, ಮಾಣ, ಖಟಾವ್ ಕಡೆಯ ಒಣ ಊರುಗಳಲ್ಲಿ ಮಳೆಗಾಲ ಕಳೆದವರು ಮೇವು ಹುಡುಕುತ್ತಾ ಪಶ್ಚಿಮಕ್ಕೆ ಹೊರಡುತ್ತಾರೆ. ಕೆಲವರು ಘಟ್ಟ ಇಳಿದು ಕೊಂಕಣದವರೆಗೂ ಹೋಗುತ್ತಾರೆ. ಮತ್ತೆ ಮುಂಗಾರು ಹತ್ತಿರ ಬಂದಾಗ ವಾಪಸ್. ಗಂಡಸರು ಕುರಿಗಳ ಜೊತೆ, ಹೆಂಗಸರು ಮಕ್ಕಳು ಕುದುರೆಗಳ ಜೊತೆ. ಇಡೀ ಮನೆ ಆ ಕುದುರೆಗಳ ಬೆನ್ನ ಮೇಲಿರುತ್ತೆ.

ನನಗೆ ಬೇಕಿದ್ದದ್ದು ಅಂಥದ್ದೇ ಒಂದು ಕುದುರೆ. ವಿಶಾಲವಾದ ಬಯಲು, ಹಿಂದೆ ಬೆಟ್ಟ, ಸಂಜೆ ಐದರ ಬೆಳಕು, ನಡುವೆ ಕುದುರೆ. ಹೇಳೋಕೆ ಸುಲಭ.

ಹಡಪ್ಸರ್‌ನಲ್ಲಿ ಅಕ್ಕನ ಮನೆ. ಭಾವ ವಿಜಯಪುರ ಜಿಲ್ಲೆಯವರು, ಪುಣೆಯಲ್ಲೇ ಅರ್ಧ ಆಯುಷ್ಯ ಕಳೆದಿದ್ದಾರೆ. ಅವರ ಅಜ್ಜನ ಕಾಲದವರೆಗೆ ಮನೆಯಲ್ಲಿ ಕುರಿ ಇದ್ದವು. ಮನೆದೇವರು ಹುಲಜಂತಿಯ ಮಾಳಿಂಗರಾಯ. ಮಂಗಳವೇಢೆ ತಾಲೂಕಿನ ಆ ಊರಲ್ಲಿ ದೀಪಾವಳಿ ಅಮಾವಾಸ್ಯೆಗೆ ದೊಡ್ಡ ಜಾತ್ರೆ. ಅದನ್ನು ಮುಗಿಸಿಕೊಂಡು ಈಗಷ್ಟೇ ಬಂದಿದ್ದರು. ಅಂಗಿ ಜೇಬಿನಲ್ಲಿ ಭಂಡಾರದ ಪೊಟ್ಟಣ ಇನ್ನೂ ಹಾಗೇ ಇತ್ತು. ನನ್ನ ಯೋಜನೆ ಕೇಳಿ ನಕ್ಕರು.

"ಕುದುರಿ ಫೋಟೋ ತೆಗೆಯಾಕ ಅಷ್ಟ ದೂರ ಯಾಕೋ? ಫುರಸುಂಗಿಯೊಳಗ ಮದುವಿ ಕುದುರಿ ಅದಾವ. ಬಿಳೀವು. ಮ್ಯಾಲ ಜರಿ ಬಟ್ಟಿ ಬ್ಯಾರೆ."

"ರೇಸಿನವೂ ಅದಾವ ಭಾವ, ಕ್ಯಾಂಪಿನ್ಯಾಗ," ಅಂದೆ.

ಪುಣೆ ಕ್ಯಾಂಪಿನ ರೇಸ್ ಕೋರ್ಸ್ 1830ರದು. ಮಳೆಗಾಲದಲ್ಲಿ ಇಲ್ಲಿ ರೇಸು, ಚಳಿಗಾಲಕ್ಕೆ ಮುಂಬೈಯ ಮಹಾಲಕ್ಷ್ಮಿಯಲ್ಲಿ. ಆ ಥರೋಬ್ರೆಡ್ ಕುದುರೆಗಳ ಮೈಮಾಟಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಹಿಂದೆ ಕಟಕಟೆ, ಅದರ ಹಿಂದೆ ಕಟ್ಟಡ. ಅದು ಕುದುರೆಯ ಫೋಟೋ ಆಗುತ್ತೆ, ನೆಲದ ಫೋಟೋ ಆಗೋದಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಭಾವನ ಕಾರಿನಲ್ಲೇ ಹೊರಟೆವು. ದಿವೆ ಘಾಟ್ ಹತ್ತುವಾಗ ಕೆಳಗೆ ವಡಕಿಯ ಮಸ್ತಾನಿ ಕೆರೆ ಕಂಡಿತು. ಆಷಾಢದಲ್ಲಿ ಜ್ಞಾನೇಶ್ವರರ ಪಾಲಕಿ ಆಳಂದಿಯಿಂದ ಪಂಢರಪುರಕ್ಕೆ ಹೋಗುವಾಗ ಇದೇ ಘಾಟ್ ಹತ್ತುತ್ತದೆ. ಪಾಲಕಿಯ ಮುಂದೆ ನಡೆಯುವ ಎರಡು ಕುದುರೆಗಳು ಬರುವುದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ. ಚಿಕ್ಕೋಡಿ ತಾಲೂಕು, ಕೃಷ್ಣಾ ನದಿ ದಂಡೆಯ ಊರು. ಅಲ್ಲಿನ ಶಿತೋಳೆ ಸರದಾರರ ಮನೆತನ ತಲೆಮಾರುಗಳಿಂದ ಈ ಸೇವೆ ನಡೆಸಿಕೊಂಡು ಬಂದಿದೆ. ಕುದುರೆಗಳನ್ನು ಅಂಕಲಿಯಿಂದ ಆಳಂದಿಗೆ ನಡೆಸಿಕೊಂಡೇ ಹೋಗುತ್ತಾರೆ. ಒಂದರ ಮೇಲೆ ಧ್ವಜ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಅದು ಮಾವುಲಿಯದು, ಅಂದರೆ ಜ್ಞಾನೇಶ್ವರರದು. ದಾರಿಯಲ್ಲಿ ಕುದುರೆ ಓಡಿಸುವ ರಿಂಗಣದಲ್ಲಿ ಅದು ಒಂದೇ ಉಸಿರಿಗೆ ಓಡುತ್ತಿದ್ದರೆ ಸುತ್ತ ನಿಂತ ಯಾತ್ರಿಕರು, ವಾರಕರಿಗಳು, ಗೊರಸು ತಾಗಿದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಭಾವ ಎರಡು ಸಲ ವಾರಿಯಲ್ಲಿ, ಅಂದರೆ ಈ ಪಾದಯಾತ್ರೆಯಲ್ಲಿ, ನಡೆದವರು. ಘಾಟಿನ ತಿರುವುಗಳನ್ನೆಲ್ಲ ತಮ್ಮ ಹೊಲದ ಬದುವಿನಂತೆ ಹೇಳುತ್ತಿದ್ದರು.

ಮೂರೂವರೆಗೆ ಮಲ್ಹಾರಗಡದ ಬುಡದಲ್ಲಿ ಗಾಡಿ ನಿಲ್ಲಿಸಿದೆವು. ಸಣ್ಣ ಕೋಟೆ. ಮರಾಠರು ಕಟ್ಟಿದ ಕೋಟೆಗಳಲ್ಲಿ ಕೊನೆಯದು ಅಂತ ಹೆಸರು. ಪೇಶ್ವೆಗಳ ಕಾಲದಲ್ಲಿ ಪಾನಸೆ ಮನೆತನದವರು 1757ರಿಂದ 1760ರ ನಡುವೆ ಕಟ್ಟಿಸಿದ್ದು. ಇಲ್ಲಿ ಕುದುರೆ ಸಿಗುತ್ತೆ ಅಂತ ಬಂದದ್ದಲ್ಲ. ಬೆಳಕು ನೋಡಿಕೊಳ್ಳಲು ಬಂದದ್ದು.

ನವೆಂಬರಿನಲ್ಲಿ ಈ ಕಡೆ ಸೂರ್ಯ ಮುಳುಗುವುದು ಆರರ ಆಸುಪಾಸಿಗೆ. ಅದೂ ನೇರ ಪಶ್ಚಿಮಕ್ಕಲ್ಲ, ಹದಿನೈದಿಪ್ಪತ್ತು ಡಿಗ್ರಿ ದಕ್ಷಿಣಕ್ಕೆ ಸರಿದು. ಕೋಟೆಯೊಳಗಿನ ಸಮ ಜಾಗದಲ್ಲಿ ಭಾವನನ್ನು ನಿಲ್ಲಿಸಿ ನೆರಳನ್ನು ಹೆಜ್ಜೆಯಲ್ಲಿ ಅಳೆದೆ. ಐದು ಗಂಟೆಗೆ ನೆರಳು ಅವರ ಎತ್ತರದ ನಾಲ್ಕು ಪಟ್ಟಿಗಿಂತ ಜಾಸ್ತಿ. ಐದೂವರೆಗೆ ಎಂಟು ಪಟ್ಟು ದಾಟಿತ್ತು. ಅಂದರೆ ನಾಲ್ಕಡಿ ಎತ್ತರದ ಕುದುರೆಯ ನೆರಳು ಐದೂವರೆಗೆ ಮೂವತ್ತಡಿ ಮೀರುತ್ತೆ. ಆ ನೆರಳಿಗೆ ಫ್ರೇಮಿನಲ್ಲಿ ಜಾಗ ಬಿಡಬೇಕು. ಕುದುರೆಯನ್ನು ನಡುವೆ ಇಟ್ಟು ನೆರಳನ್ನು ಕತ್ತರಿಸಿದರೆ ಸಂಜೆ ಬೆಳಕಿನಲ್ಲಿ ತೆಗೆದು ಏನು ಪ್ರಯೋಜನ?

ದಕ್ಷಿಣಕ್ಕೆ ಪುರಂದರ ಕೋಟೆ, ಪಕ್ಕದಲ್ಲಿ ವಜ್ರಗಡ. ಸುಮಾರು 1,400 ಮೀಟರ್ ಎತ್ತರದ ಪುರಂದರ ಈ ಬಯಲಿನ ಎಲ್ಲಾ ಕಡೆಯಿಂದ ಕಾಣುತ್ತೆ. ಮ್ಯಾಪ್ ತೆಗೆದು ನೋಡಿದೆ. ಜೇಜೂರಿಯಿಂದ ಪುರಂದರ ಸರಿಯಾಗಿ ಪಶ್ಚಿಮಕ್ಕಿದೆ. ಅಲ್ಲಿ ನಿಂತರೆ ಸೂರ್ಯ ಕೋಟೆಯ ಎಡಕ್ಕೆ ಇಳಿಯುತ್ತಾನೆ. ಫ್ರೇಮಿನಲ್ಲಿ ಸೂರ್ಯ ಇರೋದಿಲ್ಲ, ಕೋಟೆ ನೀಲಿಯಾಗಿ ಇರುತ್ತೆ, ಬೆಳಕು ಹಿಂದಿನಿಂದ ಓರೆಯಾಗಿ ಬೀಳುತ್ತೆ. ನಾಳೆ ಜೇಜೂರಿ ಕಡೆಗೇ ಹೋಗೋದು ಅಂತ ತೀರ್ಮಾನವಾಯಿತು.

ಸಾಸವಡದಲ್ಲಿ ಲಾಡ್ಜ್. ರಾತ್ರಿ ಪಿಠಲೆ-ಭಾಕರಿ. ಜುಣಕದಷ್ಟು ಗಟ್ಟಿ ಇಲ್ಲ ಅಂತ ಭಾವನ ತಕರಾರು.

ಶುಕ್ರವಾರ: ಮೋರಗಾಂವ್ ರಸ್ತೆ

ಜೇಜೂರಿ ದಾಟಿ ಮೋರಗಾಂವ್ ಕಡೆ ಸ್ವಲ್ಪ ದೂರ ಹೋದ ಮೇಲೆ, ಕೊಯ್ದ ಸಜ್ಜೆ ಹೊಲವೊಂದರಲ್ಲಿ ವಾಡಾ ಇಳಿದಿತ್ತು. ಒಟ್ಟಿಗೆ ಸಾಗುವ ಕೆಲವು ಕುಟುಂಬಗಳ ಗುಂಪಿಗೆ ಧನಗರರು ವಾಡಾ ಅನ್ನುತ್ತಾರೆ. ಗಂಡಸರು ಕುರಿ ಹೊಡೆದುಕೊಂಡು ಹೋಗಿದ್ದರು. ಬಿಡಾರದಲ್ಲಿ ಹೆಂಗಸರು, ಮಕ್ಕಳು, ಬಲೆಯೊಳಗೆ ಕುರಿಮರಿಗಳು, ಕಾಲಿಗೆ ದಾರ ಕಟ್ಟಿದ ಕೋಳಿಗಳು. ಗಂಟುಮೂಟೆಯ ಮೇಲೆ ಅಂಗೈ ಅಗಲದ ಸೋಲಾರ್ ಫಲಕ, ಅದಕ್ಕೆ ಒಂದು ಮೊಬೈಲು. ಬೇಲಿಯಾಚೆ ಬೀಳು ಜಮೀನಿನಲ್ಲಿ ಮೂರು ಕುದುರೆ ಮೇಯುತ್ತಿದ್ದವು.

ನಾನು ಕ್ಯಾಮೆರಾ ಹೊರಗೆ ತೆಗೆಯಲಿಲ್ಲ. ಮೊದಲು ಭಾವ ಹೋದರು. ನೇರ ಬಲೆಯ ಹತ್ತಿರ ಕೂತು, ಒಂದು ಮರಿಯ ಬಾಯಿ ಬಿಡಿಸಿ ಒಸಡು ನೋಡಿ, ಮರಾಠಿಯಲ್ಲಿ ಏನೋ ಕೇಳಿದರು. ಅಲ್ಲಿಗೆ ಅರ್ಧ ಕೆಲಸ ಆಯಿತು. ಕುರಿ ಬಲ್ಲವನಿಗೆ ಈ ಜನ ಬೇಗ ಜಾಗ ಕೊಡುತ್ತಾರೆ. ಬಿಡಾರದ ಹಿರಿಯಳು ಒಲೆ ಮುಂದೆ ಇದ್ದಳು. ನಾವಿಬ್ಬರು ಮಾತಾಡಿಕೊಳ್ಳೋದು ಕೇಳಿಸಿಕೊಂಡು ತಲೆ ಎತ್ತಿದಳು.

"ಕನ್ನಡದವರೇನ? ನನ್ನ ತವರಮನಿ ಜತ್ತದ ಕಡೀದು. ಬರ್ರಿ, ಚಾ ಕುಡೀರಿ."

ಜತ್ ಸಾಂಗಲಿ ಜಿಲ್ಲೆಯ ತಾಲೂಕು. ಅಲ್ಲಿ ಹಳ್ಳಿ ಹಳ್ಳಿಯಲ್ಲೂ ಕನ್ನಡ ಇದೆ. ಮದುವೆಯಾಗಿ ಫಲಟಣ ಕಡೆ ಬಂದ ಮೇಲೆ ಮಾತಾಡೋರು ಸಿಗದೆ ಅರ್ಧ ಮರೆತಿದೆ ಅಂದಳು. ಮರೆತ ಹಾಗೇನೂ ಕಾಣಲಿಲ್ಲ. ಆಯಿ ಅಂತ ಕರೆದೆವು. ಭಾವನಿಗೆ ಅಣ್ಣಾ ಅಂದಳು, ನನಗೆ ತಮ್ಮಾ.

ಚಹಾ ಕುದಿಯುವವರೆಗೆ ಭಾವನಿಗೂ ಅವಳಿಗೂ ಕುರಿ ತರುಬುವ ಮಾತು. ರೈತನ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ. ಅದಕ್ಕೆ ರೈತ ದುಡ್ಡೋ ಕಾಳೋ ಕೊಡುತ್ತಾನೆ. ನಮ್ಮ ಕಡೆಯೂ ಇದೇ ಪದ್ಧತಿ. ಈಗ ಹೊಲಗಳಲ್ಲಿ ಕಬ್ಬು ಜಾಸ್ತಿ, ಬೀಳು ಭೂಮಿ ಕಮ್ಮಿ. ಪುರಂದರ ತಾಲೂಕಿಗೆ ವಿಮಾನ ನಿಲ್ದಾಣ ಬರುತ್ತೆ ಅನ್ನೋ ಸುದ್ದಿ ಆಯಿಯ ಕಿವಿಗೂ ಬಿದ್ದಿದೆ. "ಇಮಾನ ಇಳಿಯೂ ಜಾಗಾದಾಗ ಕುರಿ ಎಲ್ಲಿ ಇಳೀಬೇಕು?" ಅಂತ ಕೇಳಿದಳು. ಭಾವನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಮೂರರಲ್ಲಿ ಒಂದು ಹೆಣ್ಣು ಕುದುರೆ ನನ್ನ ಕಣ್ಣಿಗೆ ಬಿತ್ತು. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ, ಗಿಡ್ಡ ಕಾಲು, ಗಟ್ಟಿ ಎದೆ. ಬೆನ್ನಿನ ಎರಡೂ ಬದಿಗೆ ಅಂಗೈ ಅಗಲ ಬಿಳಿ ಕೂದಲು. ಹೊರೆ ತಿಕ್ಕಿ ಗಾಯವಾದ ಕಡೆ ಮಾಗಿದ ಮೇಲೆ ಕೂದಲು ಹೀಗೆ ಬಿಳಿಯಾಗಿ ಹುಟ್ಟುತ್ತೆ. ಬಾಲಕ್ಕೆ ಮುಳ್ಳುಹುಲ್ಲು ಸುತ್ತಿಕೊಂಡು ತುದಿ ಹಗ್ಗವಾಗಿತ್ತು. ಮುಂಗಾಲೆರಡನ್ನೂ ಗೇಣುದ್ದದ ಹಗ್ಗದಿಂದ ಕಟ್ಟಿದ್ದರು. ಮೇಯಬಹುದು, ಓಡಿಹೋಗೋಕೆ ಆಗೋದಿಲ್ಲ.

ಇವು ಭೀಮಥಡಿ ಕುದುರೆಗಳು. ಭೀಮಾ ನದಿ ಬಯಲಿನ ತಳಿ. ಮರಾಠಾ ದಂಡಿನ ಸವಾರರನ್ನು ಹೊತ್ತು ದೂರ ದೂರ ಓಡಿದ್ದು ಇದೇ ಕುದುರೆಗಳು. ದಂಡು ಹೋಯಿತು, ಧನಗರರ ಜೊತೆ ಕುದುರೆ ಉಳಿಯಿತು. ಈಚೆಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಇದನ್ನು ಪ್ರತ್ಯೇಕ ತಳಿ ಅಂತ ಪಟ್ಟಿಗೆ ಸೇರಿಸಿಕೊಂಡಿದೆ. ಆಯಿಗೆ ಅದನ್ನು ಹೇಳಿದೆ. "ಸರಕಾರ ಮೇವು ಕೊಡತೈತೇನ?" ಅಂದಳು.

ಕುದುರೆಯ ಹತ್ತಿರ ಹೋಗುವ ರೀತಿ ಬೇರೆ. ಅದರ ಕಣ್ಣು ತಲೆಯ ಅಕ್ಕಪಕ್ಕದಲ್ಲಿವೆ. ಸುತ್ತಲಿನ ಬಹುತೇಕ ಎಲ್ಲವೂ ಅದಕ್ಕೆ ಕಾಣುತ್ತೆ. ಕಾಣದಿರೋದು ಎರಡೇ ಜಾಗ: ಬಾಲದ ನೇರ ಹಿಂದೆ, ಹಣೆಯ ಮುಂದೆ ಸ್ವಲ್ಪ. ಅದಕ್ಕೇ ಭುಜದ ಕಡೆಯಿಂದ, ನಿಧಾನಕ್ಕೆ, ಬಾಯಲ್ಲಿ ಏನಾದರೂ ಗುನುಗುತ್ತಾ ಹೋಗಬೇಕು. ಲೆನ್ಸ್ 70-300 ಮಿಲಿಮೀಟರಿನದು, ದೂರದಿಂದ ತೆಗೆಯೋಕೆ. ಹತ್ತಿರದಿಂದ ಅಗಲ ಲೆನ್ಸಿನಲ್ಲಿ ತೆಗೆದರೆ ಕುದುರೆಯ ಮೂತಿ ದೊಡ್ಡದಾಗಿ, ಹಿಂಭಾಗ ಸಣ್ಣದಾಗಿ, ಕತ್ತೆಯೋ ಕುದುರೆಯೋ ಗೊತ್ತಾಗದ ಹಾಗೆ ಬರುತ್ತೆ. ದೂರ ನಿಂತು ಉದ್ದ ಲೆನ್ಸ್ ಹಾಕಿದರೆ ಮೈ ಅಳತೆ ಸರಿ ಇರುತ್ತೆ. ಹಿಂದಿನ ಬೆಟ್ಟವೂ ಹತ್ತಿರ ಬಂದು ನಿಲ್ಲುತ್ತೆ.

ಮಧ್ಯಾಹ್ನ ಆಯಿಯ ಮೊಮ್ಮಗ ಕುದುರೆ ಏರಿ ಕೂತು ತನ್ನದೊಂದು ಫೋಟೋ ತೆಗೆ ಅಂದ. ಉರಿಬಿಸಿಲು. ಟೋಪಿಯ ನೆರಳು ಹುಡುಗನ ಕಣ್ಣು ನುಂಗಿತ್ತು. ತೆಗೆದೆ. ಕುದುರೆ ಒಂದನ್ನೇ ಪಕ್ಕದಿಂದಲೂ ತೆಗೆದೆ, ಬೆಳಕಿನ ಅಳತೆಗೆ.

ನಾಲ್ಕೂವರೆಯಿಂದ ಕಾಯಲು ಶುರು. ಬೆಳಕು ಚೆನ್ನಾಗಿ ಬಂತು. ಸೂರ್ಯ ಕೆಳಗಿಳಿದಷ್ಟೂ ಅವನ ಬೆಳಕು ಹೆಚ್ಚು ಗಾಳಿ, ಹೆಚ್ಚು ಧೂಳು ದಾಟಿ ಬರಬೇಕು. ನೀಲಿ ದಾರಿಯಲ್ಲೇ ಚದುರಿ ಕೆಂಪು-ಹಳದಿ ಮಾತ್ರ ನಮ್ಮವರೆಗೆ ಮುಟ್ಟುತ್ತೆ. ಒಣಹುಲ್ಲೆಲ್ಲ ಬಂಗಾರ. ಕುದುರೆಯ ಬೆನ್ನಿನ ಮೇಲೆ ತೆಳ್ಳನೆಯ ಬೆಳಕಿನ ಗೆರೆ. ಆದರೆ ತಲೆ ನೆಲದಲ್ಲಿ. ಐದು ಗಂಟೆಗೂ ತಲೆ ನೆಲದಲ್ಲಿ. ಐದೂವರೆಗೂ.

ಕುದುರೆಯ ಹೊಟ್ಟೆಚೀಲ ಸಣ್ಣದು. ದನದ ಹಾಗೆ ಒಮ್ಮೆ ತುಂಬಿಕೊಂಡು ಆಮೇಲೆ ಮೆಲುಕು ಹಾಕೋದಿಲ್ಲ. ಬಯಲಿಗೆ ಬಿಟ್ಟರೆ ದಿನಕ್ಕೆ 12 ತಾಸಿಗೂ ಜಾಸ್ತಿ ಮೇಯುತ್ತಲೇ ಇರುತ್ತೆ. ಇದಕ್ಕೋ ಬೆಳಿಗ್ಗೆಯೆಲ್ಲ ಹೊರೆ. ಬಿಡಾರ ಇಳಿದ ಮೇಲೇ ಊಟ. ನನ್ನ ಬೆಳಕಿನ ಹೊತ್ತು ಅದರ ಊಟದ ಹೊತ್ತು.

ತಲೆ ಎತ್ತಿಸೋಕೆ ಉಪಾಯಗಳಿವೆ. ಸಿಳ್ಳೆ ಹಾಕುವುದು, ಡಬ್ಬಿಯಲ್ಲಿ ಕಾಳು ಕುಲುಕುವುದು, ಮೊಬೈಲಿನಲ್ಲಿ ಕುದುರೆ ಕೆನೆಯುವ ಸದ್ದು ಹಾಕುವುದು. ಭಾವ ಸಿಳ್ಳೆಗೆ ಬಾಯಿ ಸೊಟ್ಟ ಮಾಡಿದ್ದರು. ಬೇಡ ಅಂದೆ. ಕುದುರೆ ತಲೆ ಎತ್ತುತ್ತೆ ನಿಜ. ಆದರೆ ಕಿವಿ ಎರಡೂ ನಮ್ಮ ಕಡೆ ತಿರುಗುತ್ತವೆ. ನಮ್ಮನ್ನೇ ನೋಡೋ ಕುದುರೆಗೆ ಸುತ್ತಲಿನ ಬಯಲಿನ ಜೊತೆ ಸಂಬಂಧವೇ ಇರೋದಿಲ್ಲ. ಪಾಸ್‌ಪೋರ್ಟ್ ಫೋಟೋ ಆಗುತ್ತೆ. ತಲೆ ಎತ್ತಬೇಕು, ಆದರೆ ಅದರದ್ದೇ ಕಾರಣಕ್ಕೆ.

ಐದೂಮುಕ್ಕಾಲಿಗೆ ಒಮ್ಮೆ ಎತ್ತಿತು. ನಾನು ಬ್ಯಾಟರಿ ನೋಡುತ್ತಿರಲಿಲ್ಲ, ಎಲ್ಲೋ ದಿಟ್ಟಿಸುತ್ತಿರಲಿಲ್ಲ, ಕಣ್ಣು ಅಲ್ಲೇ ಇತ್ತು. ಆದರೆ ನಾನಿದ್ದದ್ದು ಬೇರೆ ದಿಕ್ಕಿನಲ್ಲಿ. ಹಿಂದೆ ರಸ್ತೆ, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು. ಅದಿರಲಿ. ಯಾಕೆ ಎತ್ತಿತು ಅನ್ನೋದು ಮುಖ್ಯವಾಯಿತು. ದೂರದಲ್ಲಿ ಹಿಂಡು ವಾಪಸ್ ಬರುತ್ತಿತ್ತು. ಬಲೆಯೊಳಗಿನ ಮರಿಗಳು ತಾಯಂದಿರ ವಾಸನೆಗೋ ದನಿಗೋ ಒಟ್ಟಿಗೆ ಕೂಗಲು ಶುರುಮಾಡಿದವು. ಆ ಗದ್ದಲಕ್ಕೆ ಕುದುರೆ ತಲೆ ಎತ್ತಿ, ಕಿವಿ ನಿಮಿರಿಸಿ, ಧೂಳಿನ ಕಡೆ ನೋಡಿತು.

"ದಿನಾ ಹಿಂಗ ನೋಡತೈತೇನ?" ಆಯಿಯನ್ನು ಕೇಳಿದೆ.

"ದಿನಾ. ಕುರಿ ಬಂದ್ರ ನಾಯೀನೂ ಬರತಾವಲ್ಲ. ಅದಕ ಧೈರ್ಯ."

ಈ ಬಯಲಿನಲ್ಲಿ ತೋಳ ಇದೆ. ಕುದುರೆಗೂ ಗೊತ್ತು.

ಶನಿವಾರ: ಜೇಜೂರಿ

ಮೋಡ. ಬೆಳಕೇ ಇಲ್ಲ. ಆಯಿಯ ಮಗನಿಗೆ ಫೋನ್ ಮಾಡಿದರೆ, ವಾಡಾ ಬೆಳಿಗ್ಗೆ ಎದ್ದು ಜೇಜೂರಿ ದಾಟಿ ಸಾಸವಡದ ಕಡೆ ಹೋಗಿ ಇಳಿದಿದೆ, ರೈತ ಎರಡು ರಾತ್ರಿ ಕುರಿ ನಿಲ್ಲಿಸು ಅಂದಿದ್ದಾನೆ ಅಂದ. ಒಳ್ಳೆಯದೇ ಆಯಿತು. ಈಗ ಪಶ್ಚಿಮಕ್ಕೆ ಮುಖ ಮಾಡಿದರೆ ಪುರಂದರ ಇನ್ನೂ ಹತ್ತಿರ.

ನಾವು ಖಂಡೋಬನ ಗುಡ್ಡ ಹತ್ತಿದೆವು. ನಮ್ಮ ಮೈಲಾರಲಿಂಗನೇ ಇಲ್ಲಿ ಖಂಡೋಬ, ಮಲ್ಹಾರಿ. ಕುದುರೆ ಸವಾರ, ಕೈಯಲ್ಲಿ ಖಡ್ಗ, ಜೊತೆಗೆ ನಾಯಿ. ಇಬ್ಬರು ಹೆಂಡಿರಲ್ಲಿ ಬಾಣಾಈ ಧನಗರರ ಮಗಳು. ಅವಳಿಗಾಗಿ ದೇವರು ಅವಳಪ್ಪನ ಕುರಿ ಕಾಯ್ದ ಅಂತ ಖಂಡೋಬನ ಹಾಡುಗಾರ ಭಕ್ತರು, ವಾಘ್ಯಾಗಳು, ಹಾಡುತ್ತಾರೆ. ಮೆಟ್ಟಿಲು ಉದ್ದಕ್ಕೂ ದೀಪಮಾಲೆ ಕಂಬಗಳು, ಕಾಲಡಿಯೆಲ್ಲ ಅರಿಸಿನ. ಹೋಳ್ಕರರು ಈ ದೇವಸ್ಥಾನಕ್ಕೆ ಬಹಳ ಮಾಡಿದ್ದಾರೆ. ಆ ಮನೆತನ ಕಟ್ಟಿದ ಮಲ್ಹಾರರಾವ್ ಹೋಳ್ಕರ್ ಹುಟ್ಟಿದ್ದು 1693ರಲ್ಲಿ, ಧನಗರ ಕುಟುಂಬದಲ್ಲಿ. ಕುರಿ ಕಾಯುತ್ತಿದ್ದ ಹುಡುಗ ಕುದುರೆ ಏರಿ ಇಂದೋರ್‌ವರೆಗೆ ಹೋದ.

ಭಾವ "ಏಳಕೋಟಿ ಏಳಕೋಟಿ" ಅಂತ ಕೂಗಿ ಭಂಡಾರ ತೂರಿದರು. ಪಕ್ಕದವರು "ಯೇಳಕೋಟ ಯೇಳಕೋಟ ಜಯ ಮಲ್ಹಾರ" ಅಂದರು. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಇಟ್ಟಿದ್ದೆ. ಅರಿಸಿನ ಲೆನ್ಸಿನ ಉಂಗುರದ ಸಂದಿಗೆ ಹೋದರೆ ತೆಗೆಯೋದು ಕಷ್ಟ.

ಸಂಜೆ ಸಾಸವಡದಲ್ಲಿ ಒಂದು ಸ್ಟುಡಿಯೋ ಹುಡುಕಿ, ಹುಡುಗ ಕುದುರೆ ಏರಿದ್ದನ್ನೂ ಕುದುರೆ ಒಂದೇ ಇದ್ದದ್ದನ್ನೂ ಪೋಸ್ಟ್‌ಕಾರ್ಡ್ ಸೈಜಿನಲ್ಲಿ ಪ್ರಿಂಟ್ ಹಾಕಿಸಿದೆ.

ಭಾನುವಾರ: ಪುರಂದರದ ಎದುರು

ಮೋಡ ಹರಿದಿತ್ತು. ಹಿಂದಿನ ದಿನ ಒಂದಿಷ್ಟು ಹನಿ ಬಿದ್ದು ಧೂಳು ಕೂತು, ಪುರಂದರ ತೊಳೆದಿಟ್ಟಂತೆ ಕಾಣುತ್ತಿತ್ತು. ಬಿಡಾರ ಇದ್ದದ್ದು ಇಳಿಜಾರಿನ ಬುಡದಲ್ಲಿ. ಕುದುರೆಗಳು ಇಳಿಜಾರಿನ ಮೇಲೆ. ಮಧ್ಯಾಹ್ನವೇ ಹೋಗಿ ಹಿಂಡು ಯಾವ ದಾರಿಯಲ್ಲಿ ವಾಪಸ್ ಬರುತ್ತೆ ಅಂತ ಕೇಳಿಕೊಂಡೆ. ಉತ್ತರದ ಹಳ್ಳದ ಕಡೆಯಿಂದ. ಅಂದರೆ ಕುದುರೆ ತಲೆ ಎತ್ತಿದಾಗ ಬಲಕ್ಕೆ ನೋಡುತ್ತೆ. ಸೂರ್ಯ ಎಡಕ್ಕೆ, ಕೋಟೆ ಬಲಕ್ಕೆ. ಕುದುರೆ ಎಡಗಡೆ ಇದ್ದು ಬಲಗಡೆಯ ಖಾಲಿ ಬಯಲನ್ನು ನೋಡಬೇಕು. ಮುಂದೆ ಜಾಗ ಇಲ್ಲದ ಕುದುರೆ ಗೋಡೆಗೆ ಮೂತಿ ಇಟ್ಟ ಹಾಗೆ ಕಾಣುತ್ತೆ.

ಕೆಳಗೆ, ಬದುವಿನ ಪಕ್ಕ ಕೂತೆ. ಮೊಣಕಾಲೂರಿದರೆ ಕ್ಯಾಮೆರಾ ಕುದುರೆಯ ಹೊಟ್ಟೆಯ ಮಟ್ಟಕ್ಕೆ ಬರುತ್ತೆ. ನಿಂತು ತೆಗೆದರೆ ದಿಗಂತದ ಗೆರೆ ಸರಿಯಾಗಿ ಕುದುರೆಯ ಕುತ್ತಿಗೆ ಕಡಿಯುತ್ತಿತ್ತು. ಕೂತರೆ ಬೆನ್ನು, ಕುತ್ತಿಗೆ, ಕಿವಿ ಎಲ್ಲಾ ಆಕಾಶಕ್ಕೆ ಬರುತ್ತವೆ. ದೂರದ ಫೋಟೋದಲ್ಲಿ ಕುದುರೆ ಎಷ್ಟು ಸಣ್ಣದಾದರೂ ಪರವಾಗಿಲ್ಲ, ಆದರೆ ಆಕಾರ ಗೊತ್ತಾಗಬೇಕು. ಕುತ್ತಿಗೆಗೂ ಹೊಟ್ಟೆಗೂ ಮಧ್ಯೆ ಬೆಳಕು ಕಾಣಬೇಕು, ಕಾಲುಗಳ ಮಧ್ಯೆ ಬೆಳಕು ಕಾಣಬೇಕು.

ಕಾಲಿನದೇ ತೊಡಕು. ಕಟ್ಟಿದ ಮುಂಗಾಲು ಎರಡೂ ಒಂದಕ್ಕೊಂದು ಅಂಟಿಕೊಂಡು, ದೂರದಿಂದ ಮೂರು ಕಾಲಿನ ಕುದುರೆಯಾಗಿತ್ತು. ಭಾವ ಆಯಿಯನ್ನು ಕೇಳಿದರು: "ಹತ್ತ ಮಿನಿಟ ಹಗ್ಗ ಬಿಚ್ಚೋಣೇನ?"

"ಬಿಚ್ಚು ಅಣ್ಣಾ. ರಾತ್ರಿ ಹುಡುಕಾಕ ನೀ ಹೋಗಾಂವಿದ್ರ ಬಿಚ್ಚು. ಅಲ್ಲಿ ಡಾಂಬರ ರಸ್ತೆ ಐತಿ, ಲಾರಿ ಬರತಾವ."

ಅವಳು ಹೇಳಿದ್ದು ಸರಿ. ನನಗೂ ಹಗ್ಗ ಇರೋದೇ ಬೇಕಿತ್ತು. ಹಗ್ಗ ಬಿಚ್ಚಿದರೆ ಅದು ಧನಗರರ ಕುದುರೆ ಅಲ್ಲ, ಯಾರದೋ ಕ್ಯಾಲೆಂಡರಿನ ಕುದುರೆ.

ಸೆಟ್ಟಿಂಗ್ ಹೇಳಿಬಿಡುತ್ತೇನೆ, ಕೇಳುವವರು ಕೇಳುತ್ತಾರೆ. ಐಎಸ್‌ಒ 400, ಎಫ್ 5.6, ಸೆಕೆಂಡಿನ 500ನೇ ಒಂದು ಭಾಗ. ಬೆಳಕು ಎದುರಿನಿಂದ ಬರುವಾಗ ಕ್ಯಾಮೆರಾದ ಮೀಟರನ್ನು ನಂಬಿ ಕೂರೋಕೆ ಆಗೋದಿಲ್ಲ. ಅದು ಆಕಾಶ ನೋಡಿ ಕುದುರೆಯನ್ನು ಕಲ್ಲಿದ್ದಲು ಮಾಡುತ್ತೆ, ಇಲ್ಲಾ ಕುದುರೆಯನ್ನು ನೋಡಿ ಆಕಾಶವನ್ನು ಬಿಳಿ ಹಾಳೆ ಮಾಡುತ್ತೆ. ಬೆನ್ನಿನ ಮೇಲಿನ ಹೊಳೆಯುವ ಗೆರೆ ಸುಟ್ಟುಹೋಗದ ಹಾಗೆ ಇಟ್ಟುಕೊಂಡೆ. ಉಳಿದದ್ದು ಸ್ವಲ್ಪ ಕತ್ತಲಾದರೆ ಆಗಲಿ. ಪುಣ್ಯಕ್ಕೆ ಒಣಹುಲ್ಲು ಬೆಳ್ಳಗಿತ್ತು. ನೆಲದಿಂದ ಪುಟಿದ ಬೆಳಕು ಕುದುರೆಯ ಹೊಟ್ಟೆಯಡಿ, ದವಡೆಯಡಿ ಒಂದಿಷ್ಟು ಬಣ್ಣ ಉಳಿಸಿತ್ತು.

ಸೂರ್ಯ ಫ್ರೇಮಿನ ಹೊರಗಿದ್ದರೂ ಲೆನ್ಸಿನ ಗಾಜಿಗೆ ಓರೆಯಾಗಿ ಹೊಡೆಯುತ್ತಿದ್ದ. ಬಿಸಿಲು ತಡೆಯೋಕೆ ಲೆನ್ಸಿನ ತುದಿಗೆ ಹಾಕುವ ಹುಡ್ ಸಾಲಲಿಲ್ಲ. ಭಾವ ತಮ್ಮ ಬಿಳಿ ಟೊಪ್ಪಿಗೆ ತೆಗೆದು ಲೆನ್ಸಿನ ಎಡಕ್ಕೆ, ಮೇಲಕ್ಕೆ ಹಿಡಿದು ನಿಂತರು.

"ಕೈ ನೋಯಾಕತ್ತೈತಿ."

"ಇನ್ನೊಂದೀಟ ತಡೀರಿ ಭಾವ."

"ಆಗಿಂದ ಇದನ್ನ ಹೇಳಾಕತ್ತಿ ನೀ."

ಐದು ಇಪ್ಪತ್ತು. ತಲೆ ನೆಲದಲ್ಲಿ. ಹುಲ್ಲು ಕಿತ್ತು ಅಗಿಯುವ ಕರುಮ್ ಕರುಮ್ ಸದ್ದು ನಮ್ಮವರೆಗೆ ಕೇಳುತ್ತಿತ್ತು. ನೊಣ ಓಡಿಸೋಕೆ ಚರ್ಮ ಅದುರಿಸಿದಾಗಲೆಲ್ಲ ಬೆನ್ನಿನ ಬೆಳಕಿನ ಗೆರೆಯೂ ಅದುರುತ್ತಿತ್ತು. ಐದು ಮೂವತ್ತೈದಕ್ಕೆ ನಾಯಿ ಬೊಗಳಿದ್ದು ಕೇಳಿಸಿತು, ಹಳ್ಳದ ಆಚೆ. ಕುದುರೆಯ ಒಂದು ಕಿವಿ ಅತ್ತ ತಿರುಗಿತು. ಬಾಯಿ ಅಗಿಯುವುದನ್ನು ನಿಲ್ಲಿಸಿತು. ಆಮೇಲೆ ಮರಿಗಳು ಕೂಗಿದವು. ತಲೆ ಮೇಲೆ ಬಂತು.

ಇಷ್ಟಕ್ಕೇ ಕಾದಿದ್ದೆ. ಆದರೆ ಕುದುರೆ ಇನ್ನೊಂದು ಮಾಡಿತು. ಹಿಂಡು ಏರಿ ಹತ್ತುತ್ತಿದ್ದಂತೆ ಅತ್ತ ಹೋಗಲು ಹೊರಟು, ಕಟ್ಟಿದ ಮುಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಕುಪ್ಪಳಿಸಿತು. ಒಮ್ಮೆ, ಇನ್ನೊಮ್ಮೆ. ಪ್ರತಿ ಸಲ ಗೊರಸಿನಡಿಯಿಂದ ಚಿಕ್ಕ ಧೂಳು ಎದ್ದು ಬೆಳಕು ಹಿಡಿಯಿತು. ಕುತ್ತಿಗೆ ಕೂದಲು ಮೇಲೆದ್ದು ಒಂದೊಂದು ಎಳೆಯೂ ಉರಿದಂತೆ ಕಂಡಿತು. ಗುಂಡಿ ಒತ್ತಿ ಹಿಡಿದೆ.

1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾ ಇಟ್ಟು, ನಾಗಾಲೋಟದ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಅಂತ ತೋರಿಸಿದ. ಅವನ ಕುದುರೆಗೆ ಹಗ್ಗ ಇರಲಿಲ್ಲ. ನನ್ನ ಫೋಟೋದಲ್ಲಿ ನೆಲ ಬಿಟ್ಟಿರೋದು ಎರಡೇ ಕಾಲು. ನಡುವೆ ಗೇಣುದ್ದ ಹಗ್ಗ, ಅದಕ್ಕೂ ಬೆಳಕು ತಾಗಿದೆ. ಬಲಕ್ಕೆ ನೀಲಿ ಪುರಂದರ. ಹಿಂಡು ಫ್ರೇಮಿನಲ್ಲಿಲ್ಲ. ಅದರ ಧೂಳು ಮಾತ್ರ ಬಲ ಅಂಚಿನಲ್ಲಿ ಬಂದಿದೆ.

ಆಮೇಲೆ ಕುರಿ ಬಂದವು, ಮರಿಗಳನ್ನು ಬಿಟ್ಟರು, ತಾಯಿ ಹುಡುಕೋ ಗದ್ದಲದಲ್ಲಿ ನಮ್ಮ ಕಾಲಡಿಯೆಲ್ಲ ಮರಿಗಳು. ಭಾವ ಟೊಪ್ಪಿಗೆ ಹಾಕಿಕೊಂಡು ಒಂದು ಮರಿ ಎತ್ತಿಕೊಂಡು ನಿಂತಿದ್ದರು.

ಸೋಮವಾರ: ಬಿಡಾರ ಎದ್ದದ್ದು

ವಾಡಾ ಹೊರಡುವುದನ್ನು ನೋಡಬೇಕು ಅಂತ ಬೆಳಕು ಹರಿಯೋ ಮೊದಲೇ ಹೋದೆವು. ಹೊರೆ ಕಟ್ಟೋದೂ ಒಂದು ಲೆಕ್ಕಾಚಾರ. ಮೊದಲು ಕಂಬಳಿ ಮಡಿಕೆ, ಆ ಬಿಳಿ ಕೂದಲಿನ ಜಾಗಕ್ಕೆ ದಪ್ಪಗೆ. ಆಮೇಲೆ ಎರಡೂ ಕಡೆ ಸಮ ತೂಕದ ಮೂಟೆ. ಒಂದು ಬದಿಗೆ ಹಿಟ್ಟು, ಇನ್ನೊಂದು ಬದಿಗೆ ಪಾತ್ರೆ. ಆಯಿ ಕೈಯಲ್ಲಿ ಎತ್ತಿ ನೋಡಿ, ಪಾತ್ರೆ ಕಡೆ ಒಂದು ಕಲ್ಲು ಸೇರಿಸಿದಳು. ಮೇಲೆ ಡೇರೆಯ ಬಟ್ಟೆ, ಬಲೆ, ಗೂಟ. ಅದರ ಮೇಲೆ ಕೋಳಿಗಳು. ನಿನ್ನೆ ಹುಟ್ಟಿದ ಎರಡು ಮರಿಗಳನ್ನು ಚೀಲಕ್ಕೆ ಹಾಕಿ ತಲೆ ಹೊರಗೆ ಬಿಟ್ಟು ಕಟ್ಟಿದರು. ಎಲ್ಲಕ್ಕಿಂತ ಮೇಲೆ ಮೊಮ್ಮಗ. ಕೊನೆಗೆ ಕಾಲಿನ ಹಗ್ಗ ಬಿಚ್ಚಿ ಕುತ್ತಿಗೆಗೆ ಸುತ್ತಿದರು.

ಅವರು ಪಶ್ಚಿಮಕ್ಕೆ ನಡೆಯೋದರಿಂದ ಬೆಳಗಿನ ಬಿಸಿಲು ಬೆನ್ನಿಗಿತ್ತು. ಒಳ್ಳೆಯ ಬೆಳಕೇ. ನಾನು ಸುಮ್ನೆ ನೋಡುತ್ತಾ ನಿಂತೆ, ಹೊರೆ ಎತ್ತೋಕೆ ಒಂದು ಕೈ ಜಾಸ್ತಿ ಬೇಕಾಗಿತ್ತು.

ಪ್ರಿಂಟ್ ಕೊಟ್ಟೆ. ಕ್ಯಾಮೆರಾದ ಪರದೆಯಲ್ಲಿ ಭಾನುವಾರದ್ದನ್ನೂ ತೋರಿಸಿದೆ. ಆಯಿ ಸೆರಗಿನಿಂದ ಪರದೆ ಒರೆಸಿ, ಹತ್ತಿರ ಹಿಡಿದು ನೋಡಿದಳು.

"ಕುದುರಿ ಕರ್ರಗಾಗೇತಲ್ಲೋ ತಮ್ಮಾ. ಹಣಿ ಮ್ಯಾಲಿನ ಚುಕ್ಕಿ ಎಲ್ಲೈತಿ?"

ಮಧ್ಯಾಹ್ನದ ಉರಿಬಿಸಿಲಲ್ಲಿ ಪಕ್ಕದಿಂದ ತೆಗೆದದ್ದು ಅವಳಿಗೆ ಹಿಡಿಸಿತು. ನಾಲ್ಕು ಕಾಲು, ಚುಕ್ಕೆ, ಎದೆ ಎಲ್ಲಾ ಸ್ಪಷ್ಟ. ಅದನ್ನು ಮಗನ ವಾಟ್ಸಾಪ್‌ಗೆ ಹಾಕಿಸಿಕೊಂಡಳು. ಬಾರಾಮತಿಯ ನೆಂಟರೊಬ್ಬರು ಗಂಡು ಕುದುರೆ ಇಟ್ಟಿದ್ದಾರಂತೆ. ಅವರಿಗೆ ಕಳಿಸಬೇಕು, ಬೇಸಿಗೆಗೆ ಮರಿ ಮಾಡಿಸೋ ಮಾತಿದೆ. ಅಂಥ ಕೆಲಸಕ್ಕೆ ನನ್ನ ಸಂಜೆ ಬೆಳಕಿನ ಫೋಟೋ ಏನೂ ಉಪಯೋಗ ಇಲ್ಲ, ಅದು ನಿಜ.

ಸಾಸವಡದಲ್ಲಿ ಒಂದು ಬುಟ್ಟಿ ಸೀತಾಫಲ ಕೊಂಡೆವು. ಈ ತಾಲೂಕಿನ ಸೀತಾಫಲ, ಅಂಜೂರ ಎರಡಕ್ಕೂ ಹೆಸರಿದೆ. ದಿವೆ ಘಾಟಿನ ಟ್ರಾಫಿಕ್‌ನಲ್ಲಿ ನಿಂತಾಗ ಭಾವ ಕ್ಯಾಮೆರಾ ಇಸಿದುಕೊಂಡು ಫೋಟೋಗಳನ್ನೆಲ್ಲ ತಿರುವಿ ಹಾಕಿದರು. ಒಂದು ಫ್ರೇಮಿನ ಮೇಲಿನ ಮೂಲೆಗೆ ಅವರ ಟೊಪ್ಪಿಗೆಯ ಅಂಚು ಬಿಳಿ ಮಂಜಿನಂತೆ ನುಗ್ಗಿತ್ತು. ನಾನು ಅದನ್ನು ಅಳಿಸುವವನಿದ್ದೆ.

"ಇದನ್ನ ನನಗ ಕಳಸು," ಅಂದರು. "ನಿಮ್ಮಕ್ಕಗ ತೋರಸ್ತೀನಿ. ಇಲ್ಲಂದ್ರ ನಾಕ ದಿನ ಎಲ್ಲಿ ತಿರಗಾಕ ಹೋಗಿದ್ರಿ ಅಂತ ಕೇಳತಾಳ."